ಹೊಗೆಯಿಲ್ಲದ ಬಾಣಂತಿ ಕೋಣೆ

ಬರೆದು ರೂಢಿಯಿಲ್ಲದವಳ ಮಾತುಗಳಿವು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗಳು. ಒಂದು ವಾಕ್ಯ ಬರೆದರೆ ಅದು ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡುವ ಅಳುಕು ಇನ್ನೂ ಹೋಗಿಲ್ಲ. ನಾನು ವೈದ್ಯೆಯೂ ಅಲ್ಲ. ವಿಷಯವನ್ನು ಹೇಳುವಲ್ಲಿ ಎಡವಿದರೆ ಬಲ್ಲವರು ಮನ್ನಿಸಬೇಕು. ಆದರೆ ನನ್ನ ತಾಯಿ ಮಾಡಿದ ಒಂದು ಕೆಲಸವನ್ನು ಬರೆದಿಡದೆ ಹೋದರೆ ಅದು ಇವೆಲ್ಲಕ್ಕಿಂತ ದೊಡ್ಡ ಲೋಪವಾದೀತು.

ಮದುವೆಯಾದ ಮೇಲೆ ನಾವು ರಾಯಚೂರಿನಲ್ಲಿ, ಲಾರಿಗಳು ಸದಾ ಓಡಾಡುವ ರಸ್ತೆಯ ಪಕ್ಕದ ಬಾಡಿಗೆ ಮನೆಯಲ್ಲಿದ್ದೆವು. ಒಣಹಾಕಿದ ಬಟ್ಟೆಗಳನ್ನು ಸಂಜೆ ಕೊಡವಿಯೇ ಒಳಗೆ ತರಬೇಕಿತ್ತು. ಗರ್ಭಿಣಿಯಾದಾಗ ನನಗೆ ಬಿಡದ ಕೆಮ್ಮು ಹತ್ತಿಕೊಂಡಿತು. ತಪಾಸಣೆಗೆ ಹೋದಾಗ ವೈದ್ಯೆಯು ಮನೆ ಎಲ್ಲಿದೆ, ಅಡುಗೆ ಯಾವುದರ ಮೇಲೆ ಎಂದೆಲ್ಲ ವಿಚಾರಿಸಿದರು. ತಾಯಿ ಉಸಿರಾಡುವ ಹೊಗೆ ಮತ್ತು ಸಣ್ಣ ಧೂಳು ಗರ್ಭದಲ್ಲಿರುವ ಮಗುವಿನ ಬೆಳವಣಿಗೆಗೂ ಅಡ್ಡಿಯಾಗಬಹುದು, ಹುಟ್ಟಿದ ಮೇಲೆ ಅದರ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸಬಹುದು, ಅಂಥ ಕೂಸುಗಳಿಗೆ ಎದೆಯ ಸೋಂಕು ಬೇಗ ತಗಲುವ ಸಂಭವವಿರುತ್ತದೆ ಎಂದು ತಿಳಿಸಿದರು.

"ಎಲ್ಲಾ ಕೂಸುಗಳಿಗೂ ಹಂಗ ಆಗತದ ಅಂತಲ್ಲಮ್ಮ. ತಪ್ಪಿಸಬಹುದಾದ ಹೊಗಿ ತಪ್ಪಿಸ್ರಿ, ಅಷ್ಟ" ಎಂದರು.

ಅಂದಿನಿಂದ ಲಾರಿ ಹಾದಾಗಲೆಲ್ಲ ಸೆರಗನ್ನು ಮೂಗಿಗೆ ಒತ್ತಿ ಉಸಿರು ಬಿಗಿಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಮಗುವಿಗೆ ಉಸಿರು ಸಾಲದೆಂಬ ಭಯ ಹುಟ್ಟಿ ಮತ್ತೆ ಬಿಡುತ್ತಿದ್ದೆ. ಇದನ್ನು ಕಂಡ ನನ್ನ ಪತಿ, "ಬೇಗ ತವರಿಗೆ ಹೋಗಿಬಿಡು. ಹಳ್ಳ್ಯಾಗ ಗಾಳಿ ಚೊಕ್ಕ ಇರತದ" ಎಂದರು. ಸೀಮಂತದ ಕುಬಸ ಕಾರ್ಯ ಮುಗಿದೊಡನೆ ದೇವದುರ್ಗದ ಬಸ್ಸು ಹತ್ತಿ, ಅಲ್ಲಿಂದ ನನ್ನ ತವರೂರಾದ ಮಸರಕಲ್ಲಿಗೆ ಬಂದೆ.

ಊರ ಹೊರಗಿನ ಗಾಳಿ ನಿಜಕ್ಕೂ ಚೊಕ್ಕವಾಗಿತ್ತು. ಮನೆಯೊಳಗೆ ಕಾಲಿಟ್ಟಾಗ ಕಣ್ಣುಗಳು ಉರಿದವು. ತಾಯಿ ಹತ್ತಿಗಿಡದ ಕಟ್ಟಿಗೆಯ ಒಲೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಗ್ಯಾಸ್ ಸಿಲಿಂಡರಿಗೆ ಹೂವಿನ ಬಟ್ಟೆ ಹೊದಿಸಿ, ಬೀಗರು ಬಂದಾಗಿನ ಚಹಾಕ್ಕೆಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಒಳಕೋಣೆ. ಅಲ್ಲಿ ನನ್ನ ಬಾಣಂತನಕ್ಕೆ ಎಲ್ಲ ಸಿದ್ಧತೆ ನಡೆದಿತ್ತು. ಕಿಟಕಿಯಿಲ್ಲದ ಆ ಕೋಣೆಯ ಬಾಗಿಲಿಗೆ ಗೋಣಿತಟ್ಟು, ಮಲಗುವ ಹೊರಸಿನ ಕೆಳಗೆ ಇಡಲು ಹೊಸ ಅಗ್ಗಿಷ್ಟಿಕೆ, ಅದರೊಳಗೆ ಉರಿಸಲು ಒಣಗಿದ ಸಗಣಿ ಕುಳ್ಳು, ಕೂಸಿಗೆ ನೀರು ಎರೆದ ಮೇಲೆ ಹೊಗೆ ಹಿಡಿಯಲು ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಯಾವ ಹೊಗೆಗೆ ಹೆದರಿ ನಗರ ಬಿಟ್ಟು ಬಂದಿದ್ದೆನೋ ಅದಕ್ಕಿಂತ ದಟ್ಟವಾದುದು ಇಲ್ಲಿ ನನಗಾಗಿ ಪ್ರೀತಿಯಿಂದ ಕಾದಿತ್ತು.

ವೈದ್ಯೆಯ ಮಾತನ್ನು ತಾಯಿಗೆ ವಿವರಿಸಲು ಪ್ರಯತ್ನಿಸಿದೆ. ರೋಗನಿರೋಧಕ ಶಕ್ತಿ ಎಂಬ ಪದವನ್ನೂ ಬಳಸಿದೆ.

"ನಿನ್ನ ಪುಸ್ತಕದ ಮಾತು ನನಗ ತಿಳಿಯಾಂಗಿಲ್ಲ ಯವ್ವಾ" ಎಂದು ಅವರು ನಕ್ಕರು. "ಕಾವು ಇಲ್ಲಂದ್ರ ಬಾಣಂತಿ ಮೈಗೆ ಥಂಡಿ ಹೊಗತದ. ನಿನ್ನನ್ನೂ ಹಿಂಗ ಹಡದೀನಿ. ನೀ ಸತ್ತಿಯೇನು?"

"ಸತ್ತಿಲ್ಲ. ಆದ್ರ ಸಣ್ಣಾಕಿ ಇದ್ದಾಗ ನನಗ ಎದಿ ಕಟ್ಟಿ, ಅಪ್ಪ ಹೊತ್ತುಕೊಂಡು ದೇವದುರ್ಗಕ್ಕ ಓಡ್ಯಾನಂತ ನೀನ ಹೇಳತಿದ್ದಿ."

ಮರುದಿನ ಮಧ್ಯಾಹ್ನ ತಾಯಿ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅಗ್ಗಿಷ್ಟಿಕೆಯಲ್ಲಿ ಕುಳ್ಳು ಹೊತ್ತಿಸಿ, ಲೋಬಾನ ಉದುರಿಸಿ, ಒಳಕೋಣೆಗೆ ಒಯ್ದು, ಗೋಣಿತಟ್ಟು ಇಳಿಬಿಟ್ಟು ತಾವೇ ಹೊರಸಿನ ಮೇಲೆ ಕುಳಿತರು. "ನೀ ಒಳಗ ಬರಬ್ಯಾಡ. ನಾ ನೋಡತೀನಿ" ಎಂದರು. ನಾನು ಪಡಸಾಲೆಯಲ್ಲಿ ನಿಂತು ಅವರ ಕೆಮ್ಮನ್ನು ಕೇಳುತ್ತಿದ್ದೆ. ಕೆಮ್ಮು ಹೆಚ್ಚುತ್ತಲೇ ಹೋಯಿತು. ನಾನು ತಟ್ಟನ್ನು ಎಳೆಯುವಷ್ಟರಲ್ಲಿ ಅವರೇ ಹೊರಗೆ ಬಂದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅಂಗಳದಲ್ಲಿ ಕುಳಿತು ಮುಖ ತೊಳೆದರು.

"ನಿನ್ನ ಹಡದಾಗ್ಲೂ ಹಿಂಗ ಉರೀತಿತ್ತು. ಸೊಸಿ ಆದಾಕಿ, ಯಾರ ಮುಂದ ಹೇಳಲಿ?" ಎಂದವರು ಸೆರಗಿನಿಂದ ಮುಖ ಒರೆಸಿಕೊಂಡು, "ನನಗ ಇಷ್ಟಾದ್ರ, ಅಂಗೈಯಷ್ಟು ಕೂಸಿಗೆ ಹ್ಯಾಂಗ?" ಎಂದರು.

ಅವರು ಕಾವನ್ನು ಬಿಡಲಿಲ್ಲ, ಹೊಗೆಯನ್ನಷ್ಟೇ ಬಿಟ್ಟರು. ಅಂಗಳದ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, ಹೊರಸಿನ ಕೆಳಗೆ ಇಡುವುದೆಂದು ತೀರ್ಮಾನಿಸಿದರು. ಅಪ್ಪ ಹಾರೆ ತಂದು ಒಳಕೋಣೆಯ ಗೋಡೆಗೆ ಕಿಟಕಿ ತೆಗೆದರು. ಬಟ್ಟೆಯ ಮುಸುಕು ತೆಗೆದ ಸಿಲಿಂಡರು ದಿನದ ಅಡುಗೆಗೆ ಬಂತು.

ಮಗಳು ದೇವದುರ್ಗದ ಆಸ್ಪತ್ರೆಯಲ್ಲಿ ಹುಟ್ಟಿದಳು. ತೂಕ ಸರಿಯಿದೆ ಎಂದರು. ಆದರೂ ರಾಯಚೂರಿನಲ್ಲಿ ನಾನು ಉಸಿರಾಡಿದ ತಿಂಗಳುಗಳನ್ನು ಹಿಂದಕ್ಕೆ ಪಡೆಯಲಾಗದೆಂಬ ಚಿಂತೆ ನನ್ನನ್ನು ಬಿಡಲಿಲ್ಲ. ಮಲಗಿದ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ತೊಟ್ಟಿಲ ಕಾರ್ಯಕ್ಕೆ ಮಾನ್ವಿಯಿಂದ ನನ್ನ ಅತ್ತೆಯವರು ಬಂದರು. ಕೋಣೆಗೆ ಬಂದವರೇ ಮೂಗು ಅರಳಿಸಿ ಸುತ್ತಲೂ ನೋಡಿದರು.

"ಏನ್ರಿ ಬೀಗತಿ, ಲೋಬಾನದ ವಾಸನಿನೇ ಇಲ್ಲಲ್ರಿ? ಸೊಸಿ ಡಿಗ್ರಿ ಮಾಡ್ಯಾಳಂತ ಬಾಣಂತನಾನೂ ಕಾಲೇಜಿನ್ಯಾಗ ಮಾಡಸಾಕತ್ತೀರೇನು?"

ತಾಯಿ ತಲೆ ತಗ್ಗಿಸಲಿಲ್ಲ. "ಮನ್ಯಾಗನ ಮಾಡಾಕತ್ತೀವ್ರಿ. ಹೊರಸಿನ ಕೆಳಗ ಕೈ ಇಟ್ಟು ನೋಡ್ರಿ."

ಅತ್ತೆಯವರು ಬಗ್ಗಿ ಕೈ ಇಟ್ಟರು. "ಬೆಚ್ಚಗೇನೋ ಅದ. ದೃಷ್ಟಿಗೇನು ಮಾಡತೀರಿ?"

"ಉಪ್ಪು ಮೆಣಸಿನಕಾಯಿ ಅಂಗಳದಾಗ ಸುಡತೀನ್ರಿ. ದೃಷ್ಟಿ ಬರೋದು ಹೊರಗಿಂದ, ಹೊರಗನ ಸುಟ್ಟರಾತು."

ಅತ್ತೆಯವರು ನಕ್ಕುಬಿಟ್ಟರು. ನನ್ನ ಪದವಿಯಿಂದ ಆಗದ ಕೆಲಸವನ್ನು ತಾಯಿ ಎರಡು ಮಾತಿನಲ್ಲಿ ಮಾಡಿದ್ದರು. ಆ ಗಳಿಗೆಯ ಹೆಮ್ಮೆಯನ್ನು ವರ್ಣಿಸುವ ಭಾಷೆ ನನ್ನಲ್ಲಿಲ್ಲ.

ಚಳಿ ಬಿದ್ದ ಮೇಲೆ ಮಗುವಿಗೆ ನೆಗಡಿಯಾಯಿತು. ಹಾಲು ಕುಡಿಯುವಾಗ ಮೂಗು ಕಟ್ಟಿ ಅಳತೊಡಗಿದಾಗ ನಾನು ಬಹುಕಾಲ ಹೆದರಿದ್ದ ದಿನವೇ ಬಂತೆಂದುಕೊಂಡೆ. ತಾಯಿಯೂ ನಾನೂ ದೇವದುರ್ಗಕ್ಕೆ ಒಯ್ದೆವು. ಮಕ್ಕಳ ವೈದ್ಯರು ಬೆನ್ನು, ಎದೆ ಎರಡಕ್ಕೂ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು.

"ಎದಿ ಚೊಕ್ಕ ಅದ. ಬರೇ ನೆಗಡಿ. ಎದಿಹಾಲು ಬಿಡಿಸಬ್ಯಾಡ್ರಿ" ಎಂದರು. ಕೆಲವೇ ದಿನಗಳಲ್ಲಿ ಮಗು ಗುಣವಾಯಿತು. ಹೊಗೆಯಿಲ್ಲದ ಕೋಣೆಯೇ ಅವಳನ್ನು ಕಾಪಾಡಿತೆಂದು ಖಚಿತವಾಗಿ ಹೇಳುವಷ್ಟು ವಿದ್ಯೆ ನನಗಿಲ್ಲ. ತಪ್ಪಿಸಬಹುದಾದುದನ್ನು ನಮ್ಮ ಮನೆ ತಪ್ಪಿಸಿತು ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಆಮೇಲೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇವು. ರಾಯಚೂರಿನಲ್ಲಿ ನಾವು ಆ ರಸ್ತೆಯನ್ನು ಬಿಟ್ಟು ಒಳಓಣಿಯ ಚಿಕ್ಕ ಮನೆಗೆ ಬಂದೆವು. ಮಸರಕಲ್ಲಿನ ಮನೆಯೊಳಗೆ ಈಗ ಕಟ್ಟಿಗೆ ಒಲೆ ಉರಿಯುವುದಿಲ್ಲ. ಮಾನ್ವಿಯಲ್ಲಿ ನಾದಿನಿ ಹೆತ್ತಾಗ ಅತ್ತೆಯವರು ನನ್ನ ತಾಯಿಯನ್ನು ಕರೆಸಿಕೊಂಡು, ಅವರು ಹೇಳಿದಂತೆಯೇ ಬಾಣಂತನ ಮಾಡಿಸಿದರು.