ನೆರಿಡಾಳ ಮುಂದಿನ ಸೀಟು

ನಮ್ಮೂರು ಬರಂಬೂಲಿನಲ್ಲಿ ನಡುವಯಸ್ಸು ದಾಟಿದ ಯಾರನ್ನೇ ಕೇಳಿ, ಒಂದಲ್ಲ ಒಂದು ದಿನ ನೆರಿಡಾ ಟಕ್‌ವೆಲ್ಲಳ ಕೈಯಲ್ಲಿ ಬೈಸಿಕೊಂಡಿರುತ್ತಾರೆ. ಶಾಲೆಯ ಬಸ್ಸು ಓಡಿಸುತ್ತಿದ್ದವಳು ಅವಳು. ಬಾಯಲ್ಲಿ ಬೈದದ್ದು ಕಡಿಮೆಯೇ. ಯಾವನಾದರೂ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಬಸ್ಸನ್ನು ರಸ್ತೆ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದಳು. ಆಮೇಲೆ ಬಿಸಿಲು, ನೊಣ, ಸದ್ದಿಲ್ಲದ ಬಯಲು. ತಪ್ಪು ಮಾಡಿದವನು ತಾನಾಗಿ ಸರಿಯಾಗಿ ಕೂತ ಮೇಲೇ ಟೋಪಿ ಮತ್ತೆ ತಲೆಗೇರುತ್ತಿತ್ತು.

ಬಸ್ಸಿನ ಕೆಲಸ ಮುಗಿದ ಮೇಲೆ ಬೇರೆಯವರಾಗಿದ್ದರೆ ಗುಲಾಬಿ ಗಿಡ ನೋಡಿಕೊಂಡು ಮನೆಯಲ್ಲಿರುತ್ತಿದ್ದರು. ಇವಳು ಮಾರನೆಯ ವಾರವೇ ನಮ್ಮ ಊರ ಸೇವಾ ಸಂಘದ ಕಚೇರಿಗೆ ಬಂದು ಊರಿನ ಬಿಳಿ ಕಾರಿನ ಬೀಗದ ಕೈ ಕೇಳಿದಳು. ಆ ಕಾರು ಇರುವುದು ಗಾಡಿ ಓಡಿಸಲಾಗದ ಮುದುಕರನ್ನು ದೂರದ ಮೆರಿಂಗಲ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದಕ್ಕೆ. ಓಡಿಸುವವರಿಗೆ ಸಂಬಳವಿಲ್ಲ. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ತಾನೇ ಬೇಯಿಸಿದ ಸ್ಕೋನು ಎಂಬ ಬನ್ನು, ಮುದುಕರ ಮೊಣಕಾಲಿಗೆ ಹೊದಿಸಲು ಚೌಕಳಿ ಕಂಬಳಿ, ಎಲ್ಲ ಅವಳದೇ. ಎದುರಿಗೆ ಬರುವ ಪ್ರತಿ ಗಾಡಿಗೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾಳೆ, ಅದೇ ನಮ್ಮ ಕಡೆಯ ನಮಸ್ಕಾರ. ಆ ಬೆರಳು ಕಾಣಲಿಲ್ಲವೆಂದರೆ ಅವಳಿಗೆ ಹುಷಾರಿಲ್ಲ ಎಂದು ಊರೇ ತಿಳಿಯುತ್ತದೆ.

ಈ ಕಾರಿನ ವ್ಯವಹಾರ ನನಗೆ ಗೊತ್ತಿರುವುದು ಅದರ ಫೋನು ನನ್ನ ಮೇಜಿನ ಮೇಲಿರುವುದರಿಂದ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಯಾರೋ ಪುಸಲಾಯಿಸಿ ನನ್ನನ್ನು ಅಲ್ಲಿ ಕೂರಿಸಿದರು. ರಾಜಧಾನಿಯಲ್ಲಿ ನೆಲದಡಿಯ ರೈಲಿಗೆ ಕಣ್ಣುಮುಚ್ಚಿ ದುಡ್ಡು ಸುರಿಯುವ ಸರ್ಕಾರ, ನಮ್ಮ ಒಂದು ಕಾರಿಗೆ ಚಿಟಿಕೆ ಅನುದಾನ ಕೊಟ್ಟು ಚೀಲದಷ್ಟು ಷರತ್ತು ಹಾಕುತ್ತದೆ. ಅದರಲ್ಲಿ ಮೊದಲನೆಯದು ವಿಮೆ. ಓಡಿಸುವವರಿಗೂ ಕೂತವರಿಗೂ ವಿಮೆ ಇರಬೇಕು. ವಿಮೆ ನಿಂತರೆ ಅನುದಾನವೂ ನಿಂತಿತು. ವಿಮೆಯವರದು ಇನ್ನೊಂದು ಷರತ್ತು: ಸ್ವಯಂಸೇವಕ ಚಾಲಕರು ಬಾಡಿಗೆ ಮುಟ್ಟಕೂಡದು. ಮುಟ್ಟಿದರೆ ಅದು ಟ್ಯಾಕ್ಸಿ, ತಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ನ್ಯಾಯವಾದ ಮಾತೇ. ಆದರೆ ಅದನ್ನು ಬರೆದವರು ಕ್ಲ್ಯಾರಿ ಹ್ಯಾಡ್ರಿಕ್‌ನನ್ನು ಕಂಡವರಲ್ಲ.

ಕ್ಲ್ಯಾರಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದವನು. ಹೆಂಡತಿ ತೀರಿಕೊಂಡಿದ್ದಾಳೆ, ಊರಾಚೆ ತಗಡಿನ ಮನೆ, ಹಿತ್ತಲಲ್ಲಿ ಕೋಳಿಗಳು. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಮೆರಿಂಗಲ್ಲಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕೈಯೊಡ್ಡಿ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ತಪ್ಪಿಸಿದರೆ ಜೀವ ಉಳಿಯುವುದಿಲ್ಲ. ಕಾರಿಲ್ಲದಿದ್ದರೆ ಕೋಳಿ ಮಾರಿ, ಮನೆಗೆ ಬೀಗ ಜಡಿದು, ಗುರುತು ಪರಿಚಯವಿಲ್ಲದ ಊರಿನ ವೃದ್ಧಾಶ್ರಮ ಸೇರಬೇಕು. ಆದರೆ ಈ ಆಸಾಮಿ ಹುಟ್ಟಿದಾರಭ್ಯ ಯಾರಿಂದಲೂ ಏನನ್ನೂ ಪುಕ್ಕಟೆ ಪಡೆದವನಲ್ಲ. ಮೊದಲ ದಿನವೇ ಗೇಟಿನ ಹತ್ತಿರ ಕಾಗದದ ಪೆಟ್ಟಿಗೆಯಲ್ಲಿ ಮೊಟ್ಟೆ ಹಿಡಿದು ನಿಂತಿದ್ದನಂತೆ.

"ತಗೋ, ನಿನ್ನ ಬಾಡಿಗೆ," ಎಂದನಂತೆ.

"ಒಂದು ಬಿರುಕು ಬಿಟ್ಟಿದೆಯಲ್ಲೋ. ಅರ್ಧ ದಾರೀಲಿ ಇಳಿಸ್ತೀನಿ ನೋಡು," ಎಂದು ಇವಳು ಪೆಟ್ಟಿಗೆಯನ್ನು ಕಾರಿನ ಮುಂಭಾಗದಲ್ಲಿ, ಗಾಜಿನ ಕೆಳಗೆ ಇಟ್ಟುಕೊಂಡಳು.

ಅಲ್ಲಿಂದ ಪ್ರತಿ ಸಲವೂ ಅದೇ ಮೊಟ್ಟೆ, ಅದೇ ಮಾತು. ಅವನು ಕೂರುವುದೂ ಮುಂದೆಯೇ. ನಮ್ಮ ಕಡೆ ಹಿಂದಿನ ಸೀಟಿನಲ್ಲಿ ಕೂತು ಹೋಗುವವನು ತನ್ನನ್ನು ಗವರ್ನರ್ ಎಂದುಕೊಂಡವನು. ಅಲ್ಲದೆ ಮುಂದೆ ಕೂತವನಿಗೆ ಒಂದು ಕೆಲಸವೂ ಉಂಟು. ಬೆಳಗಿನ ಮಬ್ಬಿನಲ್ಲೂ ಮುಸ್ಸಂಜೆಯಲ್ಲೂ ಕಾಂಗರೂಗಳು ಪೊದೆಯಿಂದ ನೇರ ರಸ್ತೆಗೆ ಹಾರುತ್ತವೆ. ಓಡಿಸುವವರು ರಸ್ತೆಯನ್ನೂ ಬಲಗಡೆಯನ್ನೂ ನೋಡುತ್ತಾರೆ, ಎಡಗಡೆ ಪಕ್ಕದವನದು. ಅಲ್ಲಿ ಕೂತು ನಿದ್ದೆ ಹೊಡೆಯುವವರನ್ನು ಮತ್ತೊಮ್ಮೆ ಯಾರೂ ಕರೆದೊಯ್ಯುವುದಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಇಬ್ಬರೂ ಹಿಂದಿರುಗುತ್ತಿದ್ದಾಗ ಕ್ಲ್ಯಾರಿ, "ಎಡಗಡೆ!" ಎಂದು ಕಿರುಚಿದ. ನೆರಿಡಾ ಬ್ರೇಕ್ ಒತ್ತಿದಳು, ಆದರೆ ಸ್ಟಿಯರಿಂಗ್ ತಿರುಗಿಸಲಿಲ್ಲ. ತಿರುಗಿಸಿದವರು ಮರಕ್ಕೆ ಹೊಡೆದು ಸಾಯುವುದನ್ನು ನಾವೆಲ್ಲ ಕಂಡಿದ್ದೇವೆ. ಆಳೆತ್ತರದ ಗಂಡು ಕಾಂಗರೂ ಮುಂಭಾಗಕ್ಕೆ ಅಪ್ಪಳಿಸಿತು. ಕಾರಿನ ಮೂತಿ ನುಜ್ಜುಗುಜ್ಜಾಯಿತು, ಕ್ಲ್ಯಾರಿಯ ಹೆಗಲ ಮೂಳೆ ಬಿರುಕು ಬಿಟ್ಟಿತು. ಅವನು ಕೂಗುವುದು ಒಂದು ಕ್ಷಣ ತಡವಾಗಿದ್ದರೆ ಇಬ್ಬರ ಶವಸಂಸ್ಕಾರಕ್ಕೂ ನಾನೇ ಹೂವು ತರಬೇಕಾಗುತ್ತಿತ್ತು.

ಕೆಟ್ಟದ್ದು ನಡೆದದ್ದು ಆಮೇಲೆ. ವಿಮೆಯವರು ಕ್ಲ್ಯಾರಿಗೆ ಫೋನು ಮಾಡಿ, ಅದು ಇದು ವಿಚಾರಿಸುತ್ತ, ಕಾರಿಗೆ ಏನಾದರೂ ಕೊಡುತ್ತೀರಾ ಎಂದು ಕೇಳಿದ್ದಾರೆ. ಈ ಮಹಾನುಭಾವ, "ಕೊಡದೆ? ನಾನೇನು ಭಿಕ್ಷೆ ಬೇಡೋನು ಅಂದ್ಕೊಂಡ್ರಾ? ಪ್ರತಿ ಸಲ ಬಾಡಿಗೆ ಕೊಟ್ಟೇ ಹತ್ತೋದು," ಎಂದಿದ್ದಾನೆ. ಮೊಟ್ಟೆ ಎನ್ನುವ ಮಾತು ಮಾತ್ರ ಬಾಯಿಂದ ಬಂದಿಲ್ಲ. ವಾರ ಕಳೆಯುವುದರೊಳಗೆ ವಿಚಾರಣೆ ಮುಗಿಯುವವರೆಗೆ ವಿಮೆ ತಡೆಹಿಡಿದಿದ್ದೇವೆ ಎಂದು ತಿಳಿಸಿದರು. ಅವರ ಬೆನ್ನಿಗೇ ಅನುದಾನದವರೂ ಕೈ ಮೇಲೆತ್ತಿದರು.

ನನಗೆ ಪಿತ್ತ ನೆತ್ತಿಗೇರಿತು. ಕ್ಲ್ಯಾರಿಯ ಮನೆಗೆ ಹೋಗಿ ಬಾಯಿಗೆ ಬಂದಂತೆ ಅಂದೆ.

"ಮೊಟ್ಟೆ ಅಂತ ಹೇಳೋಕೆ ನಾಲಿಗೆ ಸೇದಿಹೋಗಿತ್ತೇನೋ ನಿಂಗೆ?"

"ಬಾಡಿಗೆ ಬಾಡಿಗೇನೇ. ನನ್ನತ್ರ ಇರೋದು ಮೊಟ್ಟೆ, ನಾನು ಕೊಡೋದು ಮೊಟ್ಟೆ," ಎಂದು ಕ್ಲ್ಯಾರಿ ಬಾಗಿಲು ಹಾಕಿಕೊಂಡ.

ಅಲ್ಲಿಂದ ನೇರ ನೆರಿಡಾಳ ಮನೆಗೆ ಹೋದೆ. ಅವಳು ಶೆಡ್ಡಿನಲ್ಲಿ ತನ್ನ ಗಂಡನ ಕಾಲದ, ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯ ಕೆಳಗೆ ಮಲಗಿದ್ದಳು, ಕಾಲು ಮಾತ್ರ ಹೊರಗೆ.

"ನೀನಾದ್ರೂ ಹೇಳೇ. ಅದು ಬಾಡಿಗೆ ಅಲ್ಲ, ಸುಮ್ನೆ ತಮಾಷೆ ಅಂತ ಒಂದು ಮಾತು ಹೇಳಿದ್ರೆ ಮುಗೀತು," ಎಂದೆ.

"ಹೇಳಲ್ಲ ಹೋಗೋ ಡೆಸ್."

"ಯಾಕೆ? ಸುಳ್ಳೇನಲ್ವಲ್ಲ?"

ಅವಳು ಹೊರಗೆ ಜರುಗಿ ಬಂದಳು. ಮುಖವೆಲ್ಲ ಕರಿ ಎಣ್ಣೆ. "ಅವನು ಬಾಡಿಗೆ ಕೊಡ್ತೀನಿ ಅಂತಾನೆ. ನಾನು ಊರ ಮುಂದೆ ಅಲ್ಲ ಅಂದ್ರೆ, ನಾಳೆ ಯಾವ ಮುಖ ಹೊತ್ಕೊಂಡು ನನ್ನ ಕಾರು ಹತ್ತಾನೆ? ಹತ್ತದಿದ್ರೆ ಅವನ ಗತಿ ಏನು? ನಿಂಗೆ ಗೊತ್ತಿಲ್ವಾ ಅವನ ಜಾಯಮಾನ?"

"ವಿಮೆ ಹೋದ್ರೆ ಹತ್ತೋಕೆ ಕಾರೇ ಇರಲ್ವಲ್ಲೇ!"

"ಅಲ್ಲೀವರೆಗೆ ಇದು ಇದೆ," ಎಂದು ಯೂಟಿನ ಚಕ್ರಕ್ಕೊಂದು ಒದ್ದಳು.

ಆ ಗಾಡಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಅದರಲ್ಲೇ, ತನ್ನ ಪೆಟ್ರೋಲು ಹಾಕಿ, ಎಲ್ಲ ಅಪಾಯವನ್ನೂ ತನ್ನ ತಲೆಯ ಮೇಲೆ ಹೊತ್ತು ಅವಳು ಕ್ಲ್ಯಾರಿಯನ್ನು ಒಂದು ದಿನವೂ ತಪ್ಪಿಸದೆ ಮೆರಿಂಗಲ್ಲಿಗೆ ಕರೆದೊಯ್ದಳು. ಏರು ಬಂದರೆ ಎಂಜಿನ್ ಕೆಮ್ಮುತ್ತಿತ್ತು. ಹೀಟರಿಲ್ಲ, ಒಂದು ಬಾಗಿಲು ಹಗ್ಗದಲ್ಲಿ ಕಟ್ಟಿದ್ದು. ನಾನು ಬಹಳ ಜನರನ್ನು ನೋಡಿದ್ದೇನೆ. ಹೀಗೆ ಬಾಯಿಮುಚ್ಚಿಕೊಂಡು ಒಳ್ಳೆಯದು ಮಾಡುವವರನ್ನು ನೋಡಿದ್ದು ಕಡಿಮೆ. ಆದರೂ ಆ ಯೂಟ್ ಬೇಸಿಗೆಯವರೆಗೆ ಬಾಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮಿಕ್ಕ ಮುದುಕರನ್ನಂತೂ ಕರೆದೊಯ್ಯುವವರೇ ಇರಲಿಲ್ಲ.

ಕೊನೆಗೊಂದು ದಿನ ವಿಮೆ ಕಂಪನಿಯಿಂದ ಪೆಟ್ರಾಕಿಸ್ ಎಂಬ ಯುವಕ ಬಂದ. ನಮ್ಮ ಧೂಳಿನಲ್ಲಿ ಅವನ ಕರಿ ಬೂಟು ಆಗಲೇ ಕೆಂಪಾಗಿತ್ತು. ನಮ್ಮ ಕಚೇರಿಯಲ್ಲಿ ಅವನ ಎದುರಿಗೆ ನೆರಿಡಾ, ಅವಳ ಪಕ್ಕ ಕೈಯನ್ನು ಜೋಲಿಯಲ್ಲಿಟ್ಟುಕೊಂಡ ಕ್ಲ್ಯಾರಿ, ಕೆಟಲಿನ ಹತ್ತಿರ ನಾನು.

ಪೆಟ್ರಾಕಿಸ್ ಒರಟನಲ್ಲ. "ನೋಡಿಮ್ಮಾ, ಒಂದೇ ಪ್ರಶ್ನೆ. ಇವರಿಂದ ಬಾಡಿಗೆ ತಗೊಳ್ತಿದ್ರಾ?" ಎಂದ.

ನೆರಿಡಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕೊಟ್ಟೋನು ಇಲ್ಲೇ ಕೂತಿದಾನಲ್ಲ ಮಗಾ, ಅವನನ್ನೇ ಕೇಳು. ಅವನೇನಂದ್ರೂ ನನ್ನ ಒಪ್ಪಿಗೆ ಇದೆ."

"ನೀವು ಇಲ್ಲ ಅಂದ್ರೆ ಇವತ್ತೇ ಮುಗಿಯುತ್ತೆ."

"ನನಗೆ ಆತುರವಿಲ್ಲ," ಎಂದಳು.

ಕೆಟಲು ಕುದಿದು ತಾನಾಗಿ ಆರಿತು. ಚಹಾ ಮಾಡಲು ನನಗೆ ಕೈ ಬರಲಿಲ್ಲ. ಕ್ಲ್ಯಾರಿ ಅವಳ ಮುಖ ನೋಡಿದ, ಮಡಿಲಲ್ಲಿದ್ದ ಟೋಪಿ ನೋಡಿದ. ಅವನ ಒಂದು ಮಾತಿನ ಜಂಬ ಉಳಿಸುವುದಕ್ಕೆ ಅವಳು ಕಾರನ್ನೇ ಬಿಟ್ಟುಕೊಡುತ್ತಿದ್ದಾಳೆ ಎಂಬುದು ಆಗ ಅವನಿಗೆ ಹೊಳೆದಿರಬೇಕು.

"ಮೊಟ್ಟೆ," ಎಂದ.

"ಏನಂದ್ರಿ?"

"ಮೊಟ್ಟೆ ಕಣಪ್ಪಾ. ಕೋಳಿ ಮೊಟ್ಟೆ. ಇವಳು ನನ್ನತ್ರ ಒಂದು ಕಾಸು ಮುಟ್ಟಿಲ್ಲ, ಕೇಳೂ ಇಲ್ಲ. ಬಾಡಿಗೆ ಅನ್ನೋದು ನಾನೇ ಕಟ್ಟಿಕೊಂಡ ಮಾತು. ನಾನು ಇಷ್ಟು ದಿನ ಪುಕ್ಕಟೆ ಓಡಾಡಿದೀನಿ. ಬರ್ಕೋ. ಪುಕ್ಕಟೆ ಅಂತಾನೇ ಬರ್ಕೋ."

ಆ ಒಂದು ಪದ ಎರಡು ಸಲ ಹೇಳುವಷ್ಟರಲ್ಲಿ ಅವನು ಹತ್ತು ವರ್ಷ ಹೆಚ್ಚಿಗೆ ಮುದುಕನಾದ. ನೆರಿಡಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವನಿಗೆ ಬೈದದ್ದೆಲ್ಲ ನೆನಪಾಗಿ ನಾನು ಆರಿದ ಕೆಟಲನ್ನು ಮತ್ತೆ ಹಚ್ಚಿದೆ.

ಪೆಟ್ರಾಕಿಸ್ ಪೆನ್ನು ಮುಚ್ಚಿದ. "ಮೊಟ್ಟೆ ಬಾಡಿಗೆ ಅಲ್ಲ ಅಂತ ಮೇಲಿನವರಿಗೆ ನಾನು ತಿಳಿಸಿ ಹೇಳ್ತೀನಿ," ಎಂದು ಎದ್ದು, ಕ್ಲ್ಯಾರಿಯ ನೆಟ್ಟಗಿದ್ದ ಕೈಯನ್ನು ಕುಲುಕಿ ಹೋದ. ಮಾತಿಗೆ ತಪ್ಪಲಿಲ್ಲ. ವಿಮೆಯ ತಡೆ ತೆರವಾಯಿತು, ಅನುದಾನ ಬಂತು, ಮೂತಿ ಸರಿಮಾಡಿಸಿಕೊಂಡ ಬಿಳಿ ಕಾರೂ ಬಂತು.

ಕಾರು ಮತ್ತೆ ಹೊರಟ ಮೊದಲ ದಿನ ನಾನೂ ಅದರಲ್ಲಿದ್ದೆ. ಕಣ್ಣಿನ ಡಾಕ್ಟರನ್ನು ಕಾಣಬೇಕಿತ್ತು. ಮುಂದಿನ ಸೀಟು ಯಾರದೆಂದು ಗೊತ್ತಿದ್ದರಿಂದ ಹಿಂದೆ ಕೂತಿದ್ದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕ್ಲ್ಯಾರಿ ಗೇಟಿನ ಹತ್ತಿರ ನಿಂತಿದ್ದ, ಕೈ ಖಾಲಿ. ಮುಂದಿನ ಬಾಗಿಲು ದಾಟಿ ಬಂದು, ಹಿಂದಿನದನ್ನು ತೆಗೆದು, "ಸ್ವಲ್ಪ ಜರುಗು ಡೆಸ್," ಎಂದು ನನ್ನ ಪಕ್ಕ ಕೂತ.

ನೆರಿಡಾ ಕನ್ನಡಿಯಲ್ಲಿ ನೋಡಿದಳು. ಎಂಜಿನ್ ಆರಿಸಿದಳು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹೊರಡೇ," ಎಂದ ಕ್ಲ್ಯಾರಿ. "ಯಂತ್ರದ ಹೊತ್ತಾಯ್ತು."

ಬೇಲಿಯ ಮೇಲೆ ಒಂದು ಕಾಗೆ ಕೂಗಿ ಸುಮ್ಮನಾಯಿತು.

"ಪುಕ್ಕಟೆ ಬರೋನಿಗೆ ಹಿಂದಿನ ಸೀಟೇ ಸರಿ. ನೀನು ಸುಮ್ನೆ ಹಟ ಮಾಡ್ಬೇಡ."

"ಎಡಗಡೆ ಯಾರು ನೋಡ್ತಾರೆ?" ಎಂದಳು ನೆರಿಡಾ.

ಏನಾದರೂ ಮಾಡಿ ಹೊರಟರೆ ಸಾಕೆಂದು ನಾನು, "ನಾನು ಮುಂದೆ ಬಂದು ನೋಡ್ತೀನಿ ಬಿಡು," ಎಂದೆ.

"ನೀನಾ? ನಿಂಗೆ ಗೇಟೇ ಕಾಣ್ಲಿಲ್ಲ ಈಗ. ಸುಮ್ನೆ ಕೂತ್ಕೋ." ಹಿಂದಕ್ಕೆ ತಿರುಗಿ ಕ್ಲ್ಯಾರಿಯನ್ನು ನೋಡಿದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಅವತ್ತು ನೀನು ಕೂಗಿದ್ದಕ್ಕೆ ನಾನು ಇವತ್ತು ಇಲ್ಲಿ ಕೂತಿದೀನಿ ಕಣೋ. ಆ ಸೀಟಲ್ಲಿ ನೀನಿಲ್ದೆ ನಾನು ಈ ರಸ್ತೇಲಿ ಓಡ್ಸಲ್ಲ. ನಂಗೆ ಭಯ ಆಗುತ್ತೆ."

ನೆರಿಡಾ ಟಕ್‌ವೆಲ್ಲಳ ಬಾಯಲ್ಲಿ ಭಯ ಎಂಬ ಮಾತು ನಮ್ಮೂರಿನಲ್ಲಿ ಯಾರೂ ಕೇಳಿದವರಿಲ್ಲ.

ಕ್ಲ್ಯಾರಿ ಇಳಿದ. ಮುಂದಿನ ಬಾಗಿಲ ಹತ್ತಿರ ಹೋಗುವ ಬದಲು ಗೇಟು ತೆಗೆದು ಹಿತ್ತಲಿನ ಕಡೆ ನಡೆದ. ಯಂತ್ರದ ಹೊತ್ತು ಮೀರುತ್ತಿದೆಯೆಂದು ನಾನು ಒದ್ದಾಡುತ್ತಿದ್ದೆ, ಅವಳು ಅಲುಗಾಡಲಿಲ್ಲ. ಅವನು ಕಾಗದದ ಪೆಟ್ಟಿಗೆ ಹಿಡಿದುಕೊಂಡು ಬಂದ, ಅದನ್ನು ಗಾಜಿನ ಕೆಳಗಿಟ್ಟ, ಮುಂದೆ ಕೂತು ಬೆಲ್ಟ್ ಎಳೆದುಕೊಂಡ. ಬಾಡಿಗೆ ಎನ್ನಲಿಲ್ಲ.

"ಬಿರುಕು ಬಿಟ್ಟಿದೆಯಾ?" ಎಂದು ಕೇಳಿದಳು.

"ಒಂದೂ ಇಲ್ಲ. ನೋಡಿ ತಂದಿದೀನಿ."

ಅವಳು ಟೋಪಿ ಹಾಕಿಕೊಂಡು ಕಾರು ಚಾಲೂ ಮಾಡಿದಳು. ಊರಾಚೆಯ ತಿರುವಿನಲ್ಲಿ ಹಾಲಿನ ಲಾರಿ ಎದುರಾಯಿತು, ಅವಳ ಬೆರಳು ಮೇಲೆದ್ದಿತು. ಕ್ಲ್ಯಾರಿ ಕತ್ತು ಮುಂದಕ್ಕೆ ಚಾಚಿ ಪೊದೆಗಳನ್ನು ನೋಡುತ್ತಿದ್ದ.

"ಎಡಗಡೆ ಏನೂ ಇಲ್ಲ, ಹೊಡಿ," ಎಂದ.