ಮೂವತ್ತು ಸೆಕೆಂಡಿನ ಅಜ್ಜಿ

ಮಾರ್ಲಿಸ್ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಶುಕ್ರವಾರ ಕಳೆದ ಮೇಲೆ ಸರೋವರದ ದಂಡೆಯ ನಮ್ಮ ಡುಲೂತ್ ಊರಿನ ವೃದ್ಧಾಶ್ರಮದಲ್ಲಿ ಅವಳನ್ನು ಬೈಯದವರೇ ಇಲ್ಲ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಇಪ್ಪತ್ತು ವರ್ಷ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಿದವಳು. ಮೊಣಕಾಲು ಕೈಕೊಟ್ಟ ಮೇಲೆ ಶಾಲೆ ಬಿಟ್ಟು, ಇಲ್ಲಿನ ನೆಲಮಾಳಿಗೆಯಲ್ಲಿ ನನ್ನ ಪಕ್ಕದ ಮೇಜಿಗೆ ಬಂದಳು. ಆಯಾಗಳ ತರಬೇತಿಗೆ ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಆಟ ಕಟ್ಟುವುದು ಅವಳ ಕೆಲಸ. ಅದಕ್ಕೆಂದೇ ಒಂದು ತಂತ್ರಾಂಶವಿದೆ. ಚಿತ್ರ ಇಡಬೇಕು, 'ಇದನ್ನು ಒತ್ತಿದರೆ ಅದಾಗಲಿ' ಎಂದು ಒಂದೊಂದಕ್ಕೂ ಹೇಳಿಕೊಡಬೇಕು, ಅಷ್ಟೆ. ಕೈ ತೊಳೆಯುವ ಆಟ ಕಟ್ಟಿದ ದಿನ ಅವಳ ಸಂಭ್ರಮ ನೋಡಬೇಕಿತ್ತು. "ವರ್ನ್, ಬಾರೋ ಇಲ್ಲಿ, ಸೋಪು ಹಾಕಿದ ತಕ್ಷಣ ಈ ಕ್ರಿಮಿ ಹೆಂಗೆ ಕಿರುಚುತ್ತೆ ನೋಡು!" ಅರವತ್ತರ ಹೆಂಗಸು ಕುರ್ಚಿಯಲ್ಲೇ ಕುಣಿಯುತ್ತಿದ್ದಳು. ಯಾರು ಪಾಸು, ಯಾರು ನಪಾಸು ಎಂಬ ಪಟ್ಟಿ ನೋಡಿಕೊಳ್ಳುವವನು ನಾನು. ಪಾಸಾದವರ ಹೆಸರು ಹಸಿರಾಗುತ್ತದೆ.

ಈ ಸಲದ ಆಟ ಅಜ್ಜಿಯನ್ನು ಮಂಚದಿಂದ ಕುರ್ಚಿಗೆ ಕೂರಿಸುವುದು. ಬ್ರೇಕು ಹಾಕು, ಚಪ್ಪಲಿ ತೊಡಿಸು, ಸೊಂಟಕ್ಕೆ ಪಟ್ಟಿ ಕಟ್ಟು, ಹೀಗೆ ಏಳು ಚಿತ್ರಗಳನ್ನು ಎಳೆದು ಎಳೆದು ಸರಿಯಾದ ಜಾಗಕ್ಕೆ ಬಿಡಬೇಕು. ಅಜ್ಜಿಗೆ ನಮ್ಮ ಎರಡನೇ ಮಹಡಿಯ ಅಲ್ಮಾ ಅಜ್ಜಿಯ ಹಸಿರು ಸ್ವೆಟರನ್ನೇ ಬರೆದಿದ್ದಳು. ನೋಡಿದ ನಮ್ಮ ಮೇಲಧಿಕಾರಿ ಬ್ರೆಂಟ್ ಸಾಹೇಬ ಮೂಗು ಮುರಿದ. "ಸಪ್ಪೆ ಆಯ್ತಲ್ಲ. ಗಡಿಯಾರ ಹಾಕು, ಮೂವತ್ತು ಸೆಕೆಂಡು. ಮೂರೇ ಸಲ ಆಡೋಕೆ ಬಿಡು. ಆಗ ನೋಡು ಮಜಾ."

ಅವಳು ಹಾಕಿದಳು. ಸೋತಾಗ ಕೇಳಲೆಂದು ತನ್ನದೇ ದನಿಯನ್ನೂ ಸೇರಿಸಿದಳು, ಮಕ್ಕಳಿಗೆ ಕಥೆ ಹೇಳುವ ರಾಗದಲ್ಲಿ: "ಅಯ್ಯಯ್ಯೋ, ಅಜ್ಜಿ ಬಿದ್ದೇಬಿಟ್ಟಳು!" ತಾನೇ ಆಡಿ ನೋಡಿದಳು, ಹತ್ತೊಂಬತ್ತು ಸೆಕೆಂಡು. ನನಗೂ ಆಡಿಸಿದಳು, ಇಪ್ಪತ್ತೆರಡು. ನೂರಕ್ಕೆ ನೂರು! ಈ ಕಸುಬಿನವರ ಹಣೆಬರಹವೇ ಇದು. ಉತ್ತರ ಬರೆದವರೇ ಪರೀಕ್ಷೆಗೂ ಕೂರುತ್ತಾರೆ. ಅದೂ ದೊಡ್ಡ ಪರದೆ, ಒಳ್ಳೆಯ ಮೌಸು ಇಟ್ಟುಕೊಂಡು. ಆಯಾಗಳ ಪರೀಕ್ಷೆ ತೆರೆದುಕೊಳ್ಳುವುದು ಊಟದ ಕೋಣೆಯ ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ. ಬೆರಳಲ್ಲಿ ಉಜ್ಜಿ ಉಜ್ಜಿ ಎಳೆಯಬೇಕು. ಅದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಜೊಯೆಟ್ಟಾ ಕೆಳಗಿಳಿದು ಬಂದಳು. ಇಪ್ಪತ್ತಾರು ವರ್ಷದಿಂದ ಇಲ್ಲಿ ಆಯಾ. ಮಾರ್ಲಿಸ್‌ಳ ತಾಯಿಯನ್ನು ಕೊನೆಯ ಎರಡು ವರ್ಷ ಎತ್ತಿ ಕೂರಿಸಿದ್ದೂ ಇವಳೇ. ಎತ್ತಿ ಎತ್ತಿ ಬೆರಳ ಗೆಣ್ಣುಗಳೆಲ್ಲ ಶುಂಠಿಯ ಹಾಗೆ ಊದಿಕೊಂಡಿದ್ದವು.

"ಮಾರ್ಲಿ, ನಿನ್ನ ಅಜ್ಜಿನ ಎರಡು ಸಲ ಬೀಳಿಸಿದೀನಿ ಕಣೇ," ಎಂದು ನಕ್ಕಳು. "ಚಪ್ಪಲಿ ಎಳೀತೀನಿ, ಅರ್ಧ ದಾರೀಲಿ ಬಿಟ್ಟುಹೋಗುತ್ತೆ. ಇನ್ನೊಂದೇ ಸಲ ಇರೋದು, ಇವತ್ತು ಶಿಫ್ಟಿಗೆ ಮುಂಚೆ ಪಾಸಾಗಲೇಬೇಕು. ಅದೂ ಹೋದ್ರೆ ಇವತ್ತಿಂದಲೇ ಯಾರನ್ನೂ ಮುಟ್ಟಬೇಡ ಅಂತಾರೆ. ನಪಾಸಾದವರಿಗೆ ಮುಂದಿನ ತರಗತಿ ಮೂರು ತಿಂಗಳಿಗೆ. ಅಲ್ಲೀತನಕ ನನ್ನ ಜಾಗ ಖಾಲಿ ಇಟ್ಕೊಂಡು ಕಾಯ್ತಾರಾ?"

ಮಾರ್ಲಿಸ್ ಬಿಳಿಚಿಕೊಂಡಳು. ಗಡಿಯಾರ ಕಿತ್ತುಹಾಕುವುದು ಅವಳಿಗೆ ಎರಡು ನಿಮಿಷದ ಕೆಲಸ. ಆದರೆ ಹೊಸ ಆಟ ಏರಿಸಿದರೆ ಹಳೆಯ ಫಲಿತಾಂಶವೆಲ್ಲ ಅಳಿಸುತ್ತದೆ, ನಾನೂರು ಹಸಿರು ಹೆಸರುಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಸೋಮವಾರ ಸರ್ಕಾರದ ತಪಾಸಣೆ. ಒಬ್ಬಳಿಗೆ ಮಾತ್ರ ಇನ್ನೊಂದು ಅವಕಾಶ ಕೊಡುವ ಗುಂಡಿ ನನ್ನ ಪರದೆಯಲ್ಲಿತ್ತು. ಒತ್ತಲು ಬ್ರೆಂಟ್‌ನ ಒಪ್ಪಿಗೆ ಬೇಕು. ಫೋನು ಮಾಡಿದೆ.

"ತಪಾಸಣೆ ಮುಗೀಲಿ, ನೋಡೋಣ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನನಗಾದರೂ ಗುಂಡಿ ಒತ್ತಿಬಿಡುವ ಧೈರ್ಯ ಎಲ್ಲಿತ್ತು? ಇರಲಿಲ್ಲ. ನಾನು ಹೇಡಿ, ಒಪ್ಪಿಕೊಳ್ಳುತ್ತೇನೆ.

"ನಡಿ, ನನ್ನ ಮೌಸು ಮೇಲಕ್ಕೆ ತರ್ತೀನಿ," ಎಂದು ಮಾರ್ಲಿಸ್ ಕುಂಟುತ್ತಲೇ ಮೆಟ್ಟಿಲು ಹತ್ತಿದಳು. ನಾನೂ ಹೋದೆ. ಲ್ಯಾಪ್‌ಟಾಪು ಆ ಮೌಸನ್ನು ಗುರುತೇ ಹಿಡಿಯಲಿಲ್ಲ. ಶಿಫ್ಟು ಶುರುವಾಗಲು ಹತ್ತೇ ನಿಮಿಷ ಉಳಿದಿತ್ತು. ಜೊಯೆಟ್ಟಾ ಎಪ್ರನ್ನಿಗೆ ಬೆರಳು ಒರೆಸಿಕೊಂಡು ಕೂತಳು.

ಬ್ರೇಕು ಬಿತ್ತು. ಚಪ್ಪಲಿ ಒಂದು ಸಲ ಜಾರಿ, ಮತ್ತೆ ಸೇರಿತು. ಸೊಂಟಪಟ್ಟಿಯೂ ಆಯಿತು. "ಆ, ಹಂಗೇ, ಹಂಗೇ!" ಎನ್ನುತ್ತಾ ಮಾರ್ಲಿಸ್ ನನ್ನ ತೋಳನ್ನು ಉಗುರು ನಾಟುವಷ್ಟು ಹಿಡಿದಿದ್ದಳು. ಏಳನೆಯ ಚಿತ್ರ ಕುರ್ಚಿಯ ಅಂಚಿನಲ್ಲಿತ್ತು. ಜೊಯೆಟ್ಟಾಳ ಬೆರಳು ಸೆಟೆದುಕೊಂಡಿತು.

"ಅಯ್ಯಯ್ಯೋ, ಅಜ್ಜಿ ಬಿದ್ದೇಬಿಟ್ಟಳು!" ಎಂದಿತು ಲ್ಯಾಪ್‌ಟಾಪು, ಮಾರ್ಲಿಸ್‌ಳ ದನಿಯಲ್ಲಿ, ಅದೇ ರಾಗದಲ್ಲಿ. ನಿಜವಾದ ಮಾರ್ಲಿಸ್ ನನ್ನ ತೋಳು ಬಿಟ್ಟಳು.

"ಪರವಾಗಿಲ್ಲ ಬಿಡೇ. ನಿನ್ನಮ್ಮನ್ನ ಒಂದು ಸಲಾನೂ ಬೀಳಿಸಿಲ್ಲ ನಾನು," ಎಂದು ಜೊಯೆಟ್ಟಾ ಎದ್ದಳು.

ಬಾಗಿಲಾಚೆಯ ಕಿಟಕಿಯ ಬಳಿ ಅಲ್ಮಾ ಅಜ್ಜಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ದಿನಾ ಈ ಹೊತ್ತಿಗೆ ಜೊಯೆಟ್ಟಾ ಅವರನ್ನು ಅಲ್ಲಿನ ಎತ್ತರದ ಕುರ್ಚಿಗೆ ಕೂರಿಸುತ್ತಾಳೆ. ಗಾಲಿಕುರ್ಚಿಯಿಂದ ಕಿಟಕಿಯ ಅಂಚು ಎಟುಕುವುದಿಲ್ಲ, ಸರೋವರದ ಹಡಗು ಕಾಣುವುದಿಲ್ಲ.

"ಬೇಗ ಎತ್ತೇ, ಹಡಗು ಬಂತು!"

ಜೊಯೆಟ್ಟಾಳ ಕೈ ತಾನಾಗಿಯೇ ಮುಂದೆ ಹೋಯಿತು. ಮತ್ತೆ ಹಿಂದೆ ಬಂದು ಎಪ್ರನ್ನಿನ ಒಳಗೆ ಸೇರಿತು. "ನಾನು ಮುಟ್ಟೋ ಹಾಗಿಲ್ಲ, ಅಜ್ಜಿ."

"ಯಾಕೆ? ನನಗೇನು ರೋಗ ಬಂದಿದೆ?"

ಮಾರ್ಲಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಿದ್ದಳು. ಜೊಯೆಟ್ಟಾ ನನ್ನ ಕಡೆ ತಿರುಗಿದಳು. "ಏನಯ್ಯಾ ವರ್ನ್, ನಿನಗೆ ನೂರಕ್ಕೆ ನೂರು ಅಲ್ವಾ? ನೀನೇ ಎತ್ತು."

ನಾನು ಹೋಗಿ ಬಗ್ಗಿದೆ. ಅಜ್ಜಿ ಎರಡೂ ಕೈ ಮೇಲೆತ್ತಿ ಕಾದರು. ಭುಜ ಹಿಡಿಯಬೇಕೋ, ಬೆನ್ನೋ, ಕಂಕುಳೋ? ಸ್ವೆಟರಿನ ಒಳಗೆ ಬರೀ ಮೂಳೆ. ನನ್ನ ಜನ್ಮದಲ್ಲಿ ಒಬ್ಬರನ್ನೂ ಎತ್ತಿದವನಲ್ಲ ನಾನು. ಕರೆಗಂಟೆ ಒತ್ತಿ, ಮತ್ತೆ ಒತ್ತಿ ನಿಂತೆ. ಹಡಗಿನ ಕೊಂಬು ಬಂದರಿನ ಸೇತುವೆಯ ಹತ್ತಿರ ಕೂಗಿ, ದೂರವಾಗುತ್ತಾ ಹೋಯಿತು. ಸ್ವಲ್ಪ ಹೊತ್ತಿಗೆ ಅಜ್ಜಿಯ ಕೈಗಳು ಸೋತು ಕೆಳಗಿಳಿದವು.