ಬಾಗಿಲಾಚೆ ಬಿಟ್ಟ ಬೂಟು

ಎಪ್ಪತ್ತರ ದಶಕದ ಒಂದು ಚಳಿಗಾಲ ಪೂರ್ತಿ, ನ್ಯೂಜೆರ್ಸಿಯ ಸ್ಕೀ ಗುಡ್ಡವೊಂದರ ಫಸ್ಟ್ ಏಡ್ ರೂಮಿನಲ್ಲಿ ಶನಿವಾರ, ಭಾನುವಾರ ನಾನೇ ಡಾಕ್ಟರು. ಮೈಸೂರಿನ ಅಭ್ಯಾಸ ನೋಡಿ, ಹಿಮ ಮೆತ್ತಿದ ಬೂಟನ್ನು ಬಾಗಿಲಾಚೆ ಬಿಟ್ಟು ಬರೀ ಕಾಲುಚೀಲದಲ್ಲಿ ಓಡಾಡುತ್ತಿದ್ದೆ.

ಒಂದು ದಿನ, ಬಿದ್ದು ಕಾಲು ಮುರಿದುಕೊಂಡ ಅಮೆರಿಕನ್ ಹಿರಿಯರೊಬ್ಬರನ್ನು ಸ್ಲೆಡ್ಡಿನಲ್ಲಿ ಎಳೆದು ತಂದರು. ಬಾಗಿಲಲ್ಲಿದ್ದ ನನ್ನ ಬೂಟು, ಆಮೇಲೆ ನನ್ನ ಕಾಲು ನೋಡಿದವರೇ, ಆ ನೋವಿನಲ್ಲೂ ಬಗ್ಗಿ ತಮ್ಮ ಬೂಟಿನ ಬಕಲ್ ಬಿಚ್ಚತೊಡಗಿದರು.

"ಅಯ್ಯೋ, ಬಿಚ್ಚಬೇಡಿ! ಮುರಿದ ಮೂಳೆ ಅಲುಗದ ಹಾಗೆ ಹಿಡಿದಿರೋದೇ ಆ ಗಟ್ಟಿ ಬೂಟು," ಎಂದು ಕೂಗಿದೆ.

"ಸಾರಿ ಡಾಕ್ಟರ್, ಇಲ್ಲಿ ಬಿಚ್ಚಲೇಬೇಕೇನೋ ಅಂದುಕೊಂಡೆ," ಎಂದರು.

ಮುಂದಿನ ಶನಿವಾರ ಬಾಗಿಲ ಮೇಲೆ ಗುಡ್ಡದ ಸಿಬ್ಬಂದಿ ಹಾಕಿದ 'ದಯವಿಟ್ಟು ಬೂಟು ಬಿಚ್ಚಬೇಡಿ' ಎಂಬ ಬೋರ್ಡಿತ್ತು. ಅದು ಪೇಷೆಂಟುಗಳಿಗಲ್ಲ, ನನಗೇ ಎಂದು ಹೊಳೆಯುವಷ್ಟರಲ್ಲಿ ಬೂಟು ಬಿಚ್ಚಿ ಅದರ ಕೆಳಗೇ ಇಟ್ಟಾಗಿತ್ತು.